ಚೀನಾದ ಕೆಂಪು ಲಕೋಟೆ ಮೊಬೈಲಿಗೆ ಬಂದ ಮೇಲೆ ಹಬ್ಬದ ಕ್ರಮದಲ್ಲಿ ನಿಜವಾಗಿ ಬದಲಾದದ್ದೇನು?

ಪ್ರಶ್ನೆ: ದೂರತೀರ

ನಾನು ಆರು ವರ್ಷಗಳಿಂದ ಶೆನ್‌ಜೆನ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿರುವವರಲ್ಲಿ ಬಹುಪಾಲು ಜನ ಬೇರೆ ಪ್ರಾಂತ್ಯಗಳಿಂದ ದುಡಿಮೆಗೆಂದು ಬಂದವರಾದ್ದರಿಂದ, ಚೀನೀ ಹೊಸವರ್ಷದ ಹಬ್ಬವಾದ ವಸಂತೋತ್ಸವ ಸಮೀಪಿಸುತ್ತಿದ್ದಂತೆ ಊರಿಗೆ ಊರೇ ಖಾಲಿಯಾಗುತ್ತದೆ. ಕಳೆದ ಸಲ ಸಹೋದ್ಯೋಗಿಯೊಬ್ಬರು ನನ್ನನ್ನು ಹುನಾನ್ ಪ್ರಾಂತ್ಯದ ತಮ್ಮ ಹಳ್ಳಿಗೆ ಹಬ್ಬಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕಂಡ ಒಂದು ಸಂಗತಿ ಇನ್ನೂ ಮನಸ್ಸನ್ನು ಕೊರೆಯುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ವರ್ಷದ ಕೊನೆಯ ರಾತ್ರಿಯ ಊಟ ಮುಗಿದ ಮೇಲೆ ಮನೆಯ ಅಜ್ಜಿ ಒಳಗೆ ಹೋಗಿ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದರು. ಅದರಲ್ಲಿ ಮೊಮ್ಮಕ್ಕಳ ಲೆಕ್ಕಕ್ಕೆ ಸರಿಯಾಗಿ ಐದು ಕೆಂಪು ಲಕೋಟೆಗಳಿದ್ದವು. ಒಂದೊಂದರ ಹಿಂಬದಿಯಲ್ಲೂ ಮೊಮ್ಮಕ್ಕಳ ಹೆಸರನ್ನು ಅವರೇ ಪೆನ್ಸಿಲ್ಲಿನಿಂದ ಬರೆದಿದ್ದರು. ಒಳಗಿನ ನೋಟುಗಳಿಗೆ ಮಡಿಕೆ ಬಿದ್ದಿರಬಾರದೆಂದು ಹತ್ತು ದಿನ ಮೊದಲೇ ಪೇಟೆಯ ಬ್ಯಾಂಕಿಗೆ ಹೋಗಿ ಹೊಸ ನೋಟು ತಂದಿಟ್ಟುಕೊಂಡಿದ್ದರಂತೆ. ಒಂಬತ್ತು ವರ್ಷದ ಮೊಮ್ಮಗ ಎರಡೂ ಕೈ ಚಾಚಿ ಲಕೋಟೆ ತೆಗೆದುಕೊಂಡು, ಹೇಳಿಕೊಟ್ಟಿದ್ದ ಹಾರೈಕೆಯನ್ನು ಒಪ್ಪಿಸಿದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲುಗಳೆಲ್ಲ ಒಟ್ಟಿಗೆ ಗುಂಯ್‌ಗುಟ್ಟಿದವು. ವೀಚಾಟ್ ಎಂಬ ಸಂದೇಶದ ಆ್ಯಪ್‌ನಲ್ಲಿರುವ ಕುಟುಂಬದ ಗುಂಪಿಗೆ ದೊಡ್ಡಪ್ಪ ಹೊಂಗ್‌ಬಾವ್, ಅಂದರೆ ಹಣದ ಕೆಂಪು ಲಕೋಟೆಯ ಮೊಬೈಲ್ ರೂಪ, ಹಾಕಿದ್ದರು. ಎಲ್ಲರ ತಲೆಯೂ ಕೆಳಗೆ ಬಾಗಿತು. ಹುಡುಗ ಅಜ್ಜಿಯ ಲಕೋಟೆಯನ್ನು ಸೂರ್ಯಕಾಂತಿ ಬೀಜದ ತಟ್ಟೆಯ ಪಕ್ಕದಲ್ಲಿಟ್ಟು, ಅಮ್ಮನ ಮೊಬೈಲ್ ಹಿಡಿಯಲು ಓಡಿದ. ಅಜ್ಜಿ ಏನೂ ಹೇಳದೆ ಆ ಲಕೋಟೆಯನ್ನು ಎತ್ತಿಕೊಂಡು ಹೋಗಿ ತಾವೇ ಅವನ ದಿಂಬಿನ ಕೆಳಗೆ ಇಟ್ಟು ಬಂದರು.

ಅದೇ ಮೇಜಿನಲ್ಲಿ ಇನ್ನೊಂದು ದೃಶ್ಯವೂ ಇತ್ತು. ಚೆಂಗ್ಡುವಿನಲ್ಲಿ ನರ್ಸ್ ಆಗಿರುವ ಹಿರಿಯ ಮೊಮ್ಮಗಳಿಗೆ ಹಬ್ಬದ ರಾತ್ರಿಯೇ ಪಾಳಿ ಬಿದ್ದು ಬರಲಾಗಿರಲಿಲ್ಲ. ಅವಳ ಜಾಗದಲ್ಲಿ ಬಟ್ಟಲು, ಊಟದ ಕಡ್ಡಿಗಳನ್ನು ಇಟ್ಟು, ವಿನಿಗರ್ ಸೀಸೆಗೆ ಒಂದು ಮೊಬೈಲ್ ಒರಗಿಸಿದ್ದರು. ಅವಳು ಆ ಪರದೆಯಲ್ಲಿ ಹತ್ತು ನಿಮಿಷ ಎಲ್ಲರೊಂದಿಗೆ ಕುಳಿತಿದ್ದಳು. ಅಜ್ಜಿ ಪರದೆಯ ಮುಂದಿನ ಬಟ್ಟಲಿಗೂ ಮೀನಿನ ತುಂಡೊಂದನ್ನು ಬಡಿಸಿದರು.

ಒಂದೇ ಉಪಕರಣ ಒಂದು ಕಡೆ ಮನೆಯವರನ್ನು ಹತ್ತಿರ ತಂದಿತು, ಇನ್ನೊಂದು ಕಡೆ ಅಜ್ಜಿಯ ಕೈಯಿಂದ ಮೊಮ್ಮಗನನ್ನು ಸೆಳೆದುಕೊಂಡಿತು ಎಂದು ನನಗೆ ಅನಿಸಿತು. ಹಳೆಯ ಆಚಾರವೇ ಮೊಬೈಲಿನೊಳಗೆ ಹೋಗಿ ಕುಳಿತಿದೆಯೇ, ಅಥವಾ ಹಳೆಯ ಹೆಸರಿಟ್ಟುಕೊಂಡು ಬೇರೆಯದೇ ಒಂದು ಆಚಾರ ಹುಟ್ಟಿದೆಯೇ? ಚೀನಾದ ಹಬ್ಬಗಳನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಅಕ್ಷರಪ್ರಿಯ

ನಾನು ಬೀಜಿಂಗ್‌ನಲ್ಲಿ ಚೀನೀ ಭಾಷೆ ಕಲಿತು, ಈಗ ಅನುವಾದದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಬೇರೆಯದೇ ಆಚಾರ ಹುಟ್ಟಿದೆ ಎಂಬುದು. ಹಾಗೆ ಹೇಳುವುದಕ್ಕೆ ಕಾರಣವೂ ನೀವು ಕಂಡ ಆ ದಿಂಬಿನಲ್ಲೇ ಇದೆ.

ಮಕ್ಕಳಿಗೆ ಕೊಡುವ ಈ ಹಣಕ್ಕೆ ಚೀನೀ ಭಾಷೆಯಲ್ಲಿ ಯಾಸುಯ್‌ಚಿಯೆನ್ ಎನ್ನುತ್ತಾರೆ. ಇಲ್ಲಿ ಬರುವ ಸುಯ್ ಎಂಬ ಶಬ್ದಕ್ಕೆ ವರ್ಷ, ವಯಸ್ಸು ಎಂಬ ಅರ್ಥವಿದೆ. ಅದೇ ಉಚ್ಚಾರವುಳ್ಳ ಇನ್ನೊಂದು ಅಕ್ಷರಕ್ಕೆ ಕೇಡು ತರುವ ದುಷ್ಟಶಕ್ತಿ ಎಂಬ ಅರ್ಥವಿದೆ. ವರ್ಷ ತಿರುಗುವ ರಾತ್ರಿ ಮಲಗಿದ ಮಗುವನ್ನು ಆ ಕೇಡು ಮುಟ್ಟದಂತೆ ಅದುಮಿ ಹಿಡಿಯುವ ಹಣ ಇದು ಎಂಬ ನಂಬಿಕೆ ಈ ಶ್ಲೇಷೆಯಲ್ಲಿ ಅಡಗಿದೆ. ಚಿಂಗ್ ರಾಜವಂಶದ ಕಾಲದಲ್ಲಿ ಬಣ್ಣದ ದಾರದಲ್ಲಿ ಪೋಣಿಸಿದ ನಾಣ್ಯಗಳನ್ನು ಮಕ್ಕಳ ಮಂಚದ ಕಾಲಿನ ಬಳಿ ಇಡುತ್ತಿದ್ದರು. ಕಾಗದದ ಲಕೋಟೆ ಬಂದದ್ದು ಅದಕ್ಕಿಂತ ಈಚೆಗೆ. ಹಾಗಾಗಿ ಆ ಅಜ್ಜಿ ಮಾಡಿದ್ದು ಮರೆತುಬಿಟ್ಟ ವಸ್ತುವನ್ನು ಎತ್ತಿಡುವ ಕೆಲಸವಲ್ಲ. ಆಚಾರದ ತಿರುಳು ಇರುವುದೇ ಅಲ್ಲಿ, ಅವರು ಅದನ್ನು ಪೂರ್ತಿಗೊಳಿಸಿದರು.

ಈಗ ಮೊಬೈಲಿನ ಹೊಂಗ್‌ಬಾವ್ ಹೇಗೆ ನಡೆಯುತ್ತದೆಂದು ನೋಡಿ. ಟೆನ್ಸೆಂಟ್ ಸಂಸ್ಥೆ ಇದನ್ನು ವೀಚಾಟ್‌ನಲ್ಲಿ ತಂದದ್ದು 2014ರ ವಸಂತೋತ್ಸವದ ಹೊತ್ತಿಗೆ. ಗುಂಪಿಗೆ ಒಂದು ಮೊತ್ತ ಹಾಕಿ, ಅದು ಇಷ್ಟು ಜನರ ನಡುವೆ ಹಂಚಿಹೋಗಲಿ ಎಂದರೆ, ತಂತ್ರಾಂಶವೇ ಅದನ್ನು ಮನಬಂದಂತೆ ಒಡೆದು ಹಂಚುತ್ತದೆ. ಒಬ್ಬರಿಗೆ ಮೂವತ್ತು ಯುವಾನ್ ಬಂದರೆ ಇನ್ನೊಬ್ಬರಿಗೆ ಮೂವತ್ತು ಪೈಸೆಯಷ್ಟು ಬರಬಹುದು. ಯಾರಿಗೆ ಎಷ್ಟು ಬಂತೆಂಬ ಪಟ್ಟಿ ಎಲ್ಲರಿಗೂ ಕಾಣುತ್ತದೆ, ಹೆಚ್ಚು ಬಂದವರ ಹೆಸರಿನ ಸಾಲಿನಲ್ಲಿ ಅದೃಷ್ಟದಲ್ಲಿ ಇವರೇ ಮೊದಲು ಎಂಬ ಗುರುತು ಬೀಳುತ್ತದೆ. ಜನರ ಬಾಯಲ್ಲಿ ಇದರ ಕ್ರಿಯಾಪದವೇ ಬದಲಾಗಿದೆ. ಮೊದಲು ಹೊಂಗ್‌ಬಾವ್ ಕೊಡುತ್ತಿದ್ದರು, ಪಡೆಯುತ್ತಿದ್ದರು. ಈಗ ಅದನ್ನು ದೋಚುತ್ತಾರೆ. ಚೀನೀ ಭಾಷೆಯ ಚಿಯಾಂಗ್ ಎಂಬ ಶಬ್ದಕ್ಕೆ ಕಸಿದುಕೊಳ್ಳುವುದು ಎಂದೇ ಅರ್ಥ.

ಕಾಗದದ ಲಕೋಟೆಯಲ್ಲಿ ಎರಡು ಮರ್ಯಾದೆಗಳಿದ್ದವು. ಕೊಟ್ಟವರ ಎದುರಿಗೆ ಅದನ್ನು ಒಡೆದು ನೋಡಬಾರದು ಎಂಬುದು ಒಂದು. ಬಡ ಚಿಕ್ಕಮ್ಮ ಕೊಟ್ಟ ಇಪ್ಪತ್ತು ಯುವಾನ್ ಮತ್ತು ಸಿರಿವಂತ ಮಾವ ಕೊಟ್ಟ ಸಾವಿರ ಯುವಾನ್ ಹೊರಗಿನಿಂದ ನೋಡಿದರೆ ಒಂದೇ ಕೆಂಪಿನಲ್ಲಿರುತ್ತಿದ್ದವು. ಎರಡನೆಯದು, ಮಗುವಿನ ತಂದೆ ತಾಯಿ ಬೇಡ ಬೇಡವೆಂದು ಲಕೋಟೆಯನ್ನು ಹಿಂದಕ್ಕೆ ತಳ್ಳುವುದು, ಕೊಡುವವರು ಅದನ್ನು ಮಗುವಿನ ಜೇಬಿಗೆ ತುರುಕುವುದು. ಬಾಗಿಲ ಬಳಿ ನಡೆಯುವ ಈ ತಳ್ಳಾಟವನ್ನು ನೋಡಿದವರು ಯಾರೂ ಅದನ್ನು ಬರಿಯ ತೋರಿಕೆ ಎನ್ನಲಾರರು, ಅದರಲ್ಲಿ ಎರಡು ಮನೆಗಳು ಒಂದನ್ನೊಂದು ಗೌರವಿಸುತ್ತಿರುತ್ತವೆ. ಮೊಬೈಲಿನಲ್ಲಿ ಬೇಡವೆನ್ನಬೇಕಾದರೆ ಹೊಂಗ್‌ಬಾವ್ ಅನ್ನು ತೆರೆಯದೆ ಬಿಡಬೇಕು, ಇಪ್ಪತ್ನಾಲ್ಕು ಗಂಟೆಗಳಾದ ಮೇಲೆ ಹಣ ತಾನಾಗಿಯೇ ಹಿಂದಿರುಗುತ್ತದೆ. ಸಾಮಾನ್ಯ ದಿನಗಳಲ್ಲಿ ಒಂದು ಹೊಂಗ್‌ಬಾವ್‌ನಲ್ಲಿ 200 ಯುವಾನ್‌ಗಿಂತ ಹೆಚ್ಚು ಹಾಕಲಾಗುವುದಿಲ್ಲ. ಅದಕ್ಕಿಂತ ಹೆಚ್ಚು ಕೊಡಬೇಕೆನ್ನುವ ಅಜ್ಜ, ಅಂಗಡಿಯ ಬಾಕಿ ತೀರಿಸುವ ಹಾಗೆಯೇ, ಹಣ ವರ್ಗಾವಣೆಯ ಗುಂಡಿಯನ್ನು ಒತ್ತಬೇಕಾಗುತ್ತದೆ.

ಇನ್ನು ಕೊಡುವವರು ಯಾರೆಂಬುದನ್ನು ನೋಡಿದರೆ ಬದಲಾವಣೆ ಇನ್ನೂ ಆಳವಾಗಿದೆ. ಚೀನಾದ ಕೇಂದ್ರ ದೂರದರ್ಶನದ ವಸಂತೋತ್ಸವ ಕಾರ್ಯಕ್ರಮದ ನಡುವೆ ಮೊಬೈಲ್ ಅಲುಗಾಡಿಸಿ ಹಣ ಗೆಲ್ಲುವ ಏರ್ಪಾಡನ್ನು 2015ರಲ್ಲಿ ವೀಚಾಟ್ ಮಾಡಿತು, ಆ ಒಂದು ಹಬ್ಬಕ್ಕೆ 50 ಕೋಟಿ ಯುವಾನ್ ಹಂಚಲಾಯಿತು. ವರ್ಷದ ಕೊನೆಯ ಆ ಒಂದು ದಿನದಲ್ಲಿ ವೀಚಾಟ್‌ನಲ್ಲಿ ಓಡಾಡಿದ ಹೊಂಗ್‌ಬಾವ್‌ಗಳ ಸಂಖ್ಯೆ 2015ರಲ್ಲಿ 101 ಕೋಟಿ, 2016ರಲ್ಲಿ 808 ಕೋಟಿ, 2017ರಲ್ಲಿ 1,420 ಕೋಟಿ. 2016ರಲ್ಲಿ ಹಣ ಪಾವತಿಯ ಆ್ಯಪ್ ಆದ ಅಲಿಪೇ ಐದು ಬಗೆಯ ಫು ಚೀಟಿಗಳನ್ನು ಸಂಗ್ರಹಿಸುವ ಸ್ಪರ್ಧೆ ಇಟ್ಟಿತು. ಕಾಯಕನಿಷ್ಠೆಯ ಫು ಎಂಬ ಒಂದು ಚೀಟಿ ಬಹುಪಾಲು ಜನರ ಕೈಗೆ ಸಿಗದಷ್ಟು ವಿರಳವಾಗಿತ್ತು. ಕೊನೆಗೆ ಐದನ್ನೂ ಕೂಡಿಸಿದ 7,91,405 ಜನರಿಗೆ 21.5 ಕೋಟಿ ಯುವಾನ್ ಹಂಚಿದಾಗ ಒಬ್ಬೊಬ್ಬರಿಗೆ ಬಂದದ್ದು 271.66 ಯುವಾನ್. ಮರುವರ್ಷದಿಂದ, ಬಾಗಿಲಿಗೆ ಅಂಟಿಸಿದ ಫು ಅಕ್ಷರಕ್ಕೆ ಮೊಬೈಲ್ ಹಿಡಿದರೆ ಚೀಟಿ ಸಿಗತೊಡಗಿತು. ಫು ಎಂದರೆ ಸೌಭಾಗ್ಯ. ಅದನ್ನು ತಲೆಕೆಳಗಾಗಿ ಅಂಟಿಸುವುದೂ ಉಂಟು, ಏಕೆಂದರೆ ತಲೆಕೆಳಗು ಎಂಬ ಶಬ್ದವೂ ಬಂದಿತು ಎಂಬ ಶಬ್ದವೂ ಒಂದೇ ರೀತಿ ಕೇಳಿಸುತ್ತವೆ. ಮನೆಯೊಳಗೆ ಬರಲಿ ಎಂದು ಬಾಗಿಲಿಗೆ ಅಂಟಿಸಿದ ಅಕ್ಷರ, ಹೊರಗಿನ ಸಂಸ್ಥೆಯೊಂದರ ಸ್ಪರ್ಧೆಗೆ ಗುರಿಹಲಗೆಯಾಯಿತಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಹಿರಿಯರಿಂದ ಕಿರಿಯರಿಗೆ, ವಿವಾಹಿತರಿಂದ ಅವಿವಾಹಿತರಿಗೆ ಇಳಿದು ಬರುತ್ತಿದ್ದ ಕೊಡುಗೆ ಈಗ ಗೆಳೆಯರ ನಡುವೆ, ಮೇಲಧಿಕಾರಿಯಿಂದ ನೌಕರರಿಗೆ, ಸಂಸ್ಥೆಯಿಂದ ಗ್ರಾಹಕರಿಗೆ ಹರಿಯುತ್ತಿದೆ. ಯಾರು ಯಾರಿಗೆ ಕೊಡಬೇಕೆಂಬ ಆ ಕ್ರಮ ಹೋದ ಮೇಲೂ ಅದೇ ಹೆಸರನ್ನು ಉಳಿಸಿಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ.

ಉತ್ತರ: ರೈಲುಹಳಿ

ಅಕ್ಷರಪ್ರಿಯ ಅವರ ವಿವರಣೆಯನ್ನು ಗೌರವದಿಂದ ಓದಿದೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ನಾವು ಹಳೆಯದು ಎಂದುಕೊಂಡಿರುವ ಎಷ್ಟೋ ಸಂಗತಿಗಳು ಹಳೆಯವಲ್ಲ. ಚೀನಾ 1912ರಲ್ಲಿ ಸೌರಮಾನದ ಪಂಚಾಂಗಕ್ಕೆ ಬದಲಾದ ನಂತರವೇ ಚಾಂದ್ರಮಾನದ ಹೊಸವರ್ಷಕ್ಕೆ ಚುನ್‌ಜಿಯೆ, ಅಂದರೆ ವಸಂತೋತ್ಸವ ಎಂಬ ಹೆಸರು ಗಟ್ಟಿಯಾದದ್ದು. ಕೊನೆಯ ರಾತ್ರಿ ಕುಟುಂಬವೆಲ್ಲ ಕುಳಿತು ನೋಡುವ ದೂರದರ್ಶನದ ಕಾರ್ಯಕ್ರಮ ಆರಂಭವಾದದ್ದು 1983ರಲ್ಲಿ. ಅಂದು ವೀಕ್ಷಕರು ದೂರವಾಣಿಯಲ್ಲಿ ಕರೆ ಮಾಡಿ ತಮಗೆ ಬೇಕಾದ ಹಾಡನ್ನು ಕೇಳಿ ಹಾಡಿಸಿಕೊಂಡರು. ಆ ದಿನ ದೂರವಾಣಿಯೇ ಹೊಸ ತಂತ್ರಜ್ಞಾನ. ಇಂದು ಆ ಕಾರ್ಯಕ್ರಮವಿಲ್ಲದ ಹಬ್ಬವನ್ನು ಊಹಿಸಲಾಗದವರೇ, 2025ರಲ್ಲಿ ಯಂತ್ರಮಾನವರು ಅದೇ ವೇದಿಕೆಯಲ್ಲಿ ಕರವಸ್ತ್ರ ತಿರುಗಿಸುತ್ತಾ ಯಾಂಗ್‌ಗೆ ಜಾನಪದ ಕುಣಿತ ಕುಣಿದಾಗ ಸಂಪ್ರದಾಯ ಕೆಟ್ಟಿತೆಂದು ಹೇಳುವುದನ್ನು ಕೇಳಿದ್ದೇನೆ.

ನಾನು ಹೆಚ್ಚು ಹೇಳಬೇಕೆಂದಿರುವುದು ಊರಿಗೆ ಹೋಗುವುದರ ಬಗ್ಗೆ. ಒಟ್ಟಿಗೆ ಕುಳಿತು ಉಣ್ಣುವುದೇ ಈ ಹಬ್ಬದ ಮೊದಲ ಆಚಾರವಾದರೆ, ಅದಕ್ಕೆ ಮೊದಲು ಮನೆ ಮುಟ್ಟಬೇಕು. ಚುನ್‌ಯುನ್ ಎಂದು ಕರೆಯುವ ನಲವತ್ತು ದಿನಗಳ ಹಬ್ಬದ ಪ್ರಯಾಣಕಾಲದಲ್ಲಿ, ಹಿಂದೆ ಗುವಾಂಗ್‌ಜೌ ನಿಲ್ದಾಣದ ಎದುರು ಜನ ಹಾಸಿಗೆ ಸುರುಳಿಯನ್ನೂ ಪ್ಲಾಸ್ಟಿಕ್ ಮಣೆಯನ್ನೂ ಇಟ್ಟುಕೊಂಡು ಟಿಕೆಟಿಗಾಗಿ ಚಳಿಯಲ್ಲಿ ರಾತ್ರಿ ಕಳೆಯುತ್ತಿದ್ದರು. ರೈಲ್ವೆಯ 12306 ಜಾಲತಾಣದಲ್ಲಿ 2011ರಿಂದ ಟಿಕೆಟ್ ಮಾರಾಟ ಆರಂಭವಾಯಿತು. ಮೊದಲ ಹಬ್ಬಗಳಲ್ಲಿ ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದ ಕಟ್ಟಡ ಕಾರ್ಮಿಕರು ಸಾಲಿನಲ್ಲಿ ನಿಂತೇ ಇದ್ದರು, ಅವರ ಸರದಿ ಬರುವ ಹೊತ್ತಿಗೆ ಟಿಕೆಟ್‌ಗಳು ಜಾಲತಾಣದಲ್ಲಿ ಮುಗಿದಿರುತ್ತಿದ್ದವು. ಅದು ದೊಡ್ಡ ಅನ್ಯಾಯವಾಗಿತ್ತು, ಅದನ್ನು ಮುಚ್ಚಿಡಬಾರದು. ಆದರೂ ಇಂದು ಅದೇ ಕಾರ್ಮಿಕ ಬಿಡಾರದಲ್ಲಿ ಕುಳಿತು ಮೊಬೈಲಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತಾನೆ. ಮೊದಲ ಅತಿವೇಗದ ಮಾರ್ಗಗಳಲ್ಲೊಂದಾದ ಬೀಜಿಂಗ್-ತಿಯಾಂಜಿನ್ ಹಳಿ ತೆರೆದದ್ದು 2008ರಲ್ಲಿ, 2024ರ ಕೊನೆಗೆ ಇಂತಹ ಹಳಿಗಳ ಉದ್ದ 48,000 ಕಿಲೋಮೀಟರ್ ತಲುಪಿತ್ತು. ದೂರತೀರ ಅವರೇ, ಶೆನ್‌ಜೆನ್‌ನಿಂದ ಹುನಾನ್‌ನ ಚಾಂಗ್‌ಶಾಗೆ ನೀವು ಸುಮಾರು ಮೂರು ಗಂಟೆಗಳಲ್ಲಿ ತಲುಪಿರಬೇಕು. ನಿಮ್ಮ ಸಹೋದ್ಯೋಗಿಯ ತಂದೆಯ ಕಾಲದಲ್ಲಿ ಆ ದಾರಿಯನ್ನು ರಾತ್ರಿಯಿಡೀ ನಿಂತೇ ಸವೆಸಿದವರು ಎಷ್ಟೋ ಮಂದಿ. ಅಜ್ಜಿಯ ಮೇಜಿನ ಸುತ್ತ ಅಷ್ಟು ಜನ ಇದ್ದದ್ದೂ ತಂತ್ರಜ್ಞಾನದಿಂದಲೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಪಟಾಕಿಯ ವಿಷಯ ಬೇರೆ. ಬೀಜಿಂಗ್‌ನಲ್ಲಿ ಅದಕ್ಕೆ 1993ರಲ್ಲಿ ನಿಷೇಧ ಬಂತು, 2005ರಲ್ಲಿ ಸಡಿಲವಾಯಿತು, 2017ರ ಡಿಸೆಂಬರ್‌ನಿಂದ ಐದನೆಯ ವರ್ತುಲ ರಸ್ತೆಯ ಒಳಗೆ ಮತ್ತೆ ಪೂರ್ತಿ ನಿಂತಿತು. ಅದರ ಬದಲಿಗೆ ಬಂದಿರುವ, ಪ್ಲಗ್ಗಿಗೆ ಸಿಕ್ಕಿಸಿದರೆ ಮಿನುಗಿ ಸದ್ದು ಮಾಡುವ ಕೆಂಪು ಸರವನ್ನು ನಾನು ಮೆಚ್ಚಲಾರೆ. ಮದ್ದಿನ ವಾಸನೆಯಿಲ್ಲದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಉತ್ತರ: ಮಂಜಿನಹನಿ

ಎಲ್ಲರೂ ಹೊಸವರ್ಷದ ಬಗ್ಗೆ ಬರೆದಿದ್ದೀರಿ. ನನಗೆ ಈ ಪ್ರಶ್ನೆ ತಟ್ಟಿದ್ದು ಚಿಂಗ್‌ಮಿಂಗ್ ಹಬ್ಬದಲ್ಲಿ. ಏಪ್ರಿಲ್ 5ರ ಆಸುಪಾಸಿನಲ್ಲಿ ಬರುವ ಈ ದಿನ ಹಿರಿಯರ ಸಮಾಧಿಯನ್ನು ಗುಡಿಸಿ, ಕಳೆ ಕಿತ್ತು, ಹೂವಿಟ್ಟು, ಕಾಗದದ ಹಣ ಸುಡುವುದು ಪದ್ಧತಿ. 2008ರಿಂದ ಇದಕ್ಕೆ ಸರ್ಕಾರಿ ರಜೆಯೂ ಇದೆ.

ನನ್ನ ಪತಿ ವುಹಾನ್‌ನವರು, ನಾವಿರುವುದು ಶಾಂಘೈನಲ್ಲಿ. ಮಾವನವರು ತೀರಿಕೊಂಡು ಹಲವು ವರ್ಷಗಳಾಗಿವೆ. ಕೋವಿಡ್‌ನಿಂದಾಗಿ 2020ರ ಚಿಂಗ್‌ಮಿಂಗ್‌ಗೆ ವುಹಾನ್‌ನ ಸ್ಮಶಾನಗಳಿಗೆ ಕುಟುಂಬದವರು ಹೋಗುವಂತಿರಲಿಲ್ಲ, ಏಪ್ರಿಲ್ ಕೊನೆಯವರೆಗೂ ನಿರ್ಬಂಧವಿತ್ತು. ಏಪ್ರಿಲ್ 4ರ ಬೆಳಿಗ್ಗೆ ಹತ್ತು ಗಂಟೆಗೆ ದೇಶವೆಲ್ಲ ಮೂರು ನಿಮಿಷ ಮೌನವಾಗಿ ನಿಂತಾಗ ಅತ್ತೆಯವರು ಅಲ್ಲಿ ತಮ್ಮ ಮನೆಯ ಕಿಟಕಿಯ ಬಳಿ ನಿಂತಿದ್ದರು, ನಾವು ಇಲ್ಲಿ ನಿಂತಿದ್ದೆವು. ಆ ವರ್ಷ ಸ್ಮಶಾನದ ಸಿಬ್ಬಂದಿಯೇ ಕುಟುಂಬದವರ ಪರವಾಗಿ ಸಮಾಧಿ ಒರೆಸಿ, ಸೇವಂತಿಗೆ ಇಟ್ಟು, ಮೂರು ಸಲ ತಲೆಬಾಗಿ, ಅದರ ಚಿತ್ರಗಳನ್ನು ಮೊಬೈಲಿಗೆ ಕಳುಹಿಸಿದರು. ಅತ್ತೆ ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿ, ಕಲ್ಲಿನ ಎಡಮೂಲೆಯ ಸೀಳಿನಲ್ಲಿ ಹುಲ್ಲು ಹಾಗೆಯೇ ಇದೆ ಎಂದರು. ಗುಡಿಸಿದವರು ಒಳ್ಳೆಯವರು, ಆದರೆ ಆ ಸೀಳಿನ ವಿಷಯ ಅವರಿಗೆ ಗೊತ್ತಿರಲು ಹೇಗೆ ಸಾಧ್ಯ ಎಂದೂ ಅವರೇ ಹೇಳಿದರು.

ಮುಂದಿನ ವರ್ಷ ಅವರು ತಾವೇ ಹೋದರು. ಒಂದು ಸಣ್ಣ ಚಾಕು, ತೆಳ್ಳನೆಯ ಕುಂಚ, ಪುಟ್ಟ ಬಣ್ಣದ ಡಬ್ಬಿ ತೆಗೆದುಕೊಂಡು ಹೋಗಿ, ಮೊದಲು ಆ ಸೀಳನ್ನು ಕೆರೆದು, ಆಮೇಲೆ ಕಲ್ಲಿನ ಮೇಲೆ ಮಾಸಿದ್ದ ಅಕ್ಷರಗಳಿಗೆ ಒಂದೊಂದಾಗಿ ಬಣ್ಣ ತುಂಬಿದರು. ಅದಕ್ಕೆ ಎರಡು ಗಂಟೆ ಹಿಡಿಯಿತು. ಶಾಂಘೈನಲ್ಲಿದ್ದ ನಾವು ಅಷ್ಟೂ ಹೊತ್ತು ವಿಡಿಯೋ ಕರೆಯಲ್ಲಿದ್ದೆವು. ಮಾತು ಹೆಚ್ಚು ನಡೆಯಲಿಲ್ಲ. ಕುಂಚ ಕಲ್ಲಿಗೆ ತಾಗುವ ಸದ್ದು ಕೇಳಿಸುತ್ತಿತ್ತು. ಆ ಎರಡು ಗಂಟೆಗಳನ್ನು ನನಗೆ ಕೊಟ್ಟದ್ದು ಮೊಬೈಲೇ, ಆದ್ದರಿಂದ ಅದನ್ನು ಹಗುರವಾಗಿ ಕಾಣಲು ನನ್ನಿಂದಾಗದು. ಜಾಲತಾಣದಲ್ಲಿ ಚಿತ್ರದ ಮುಂದೆ ಮೇಣದಬತ್ತಿಯ ಗುರುತನ್ನು ಒತ್ತುವ ಸಮಾಧಿಪುಟಗಳನ್ನೂ ನೋಡಿದ್ದೇನೆ, ಅತ್ತೆಯವರಿಗೆ ತೋರಿಸಿದಾಗ ಅವರು ಒಮ್ಮೆ ನೋಡಿ ಮೊಬೈಲ್ ಹಿಂದಿರುಗಿಸಿದರು.

ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ತೀರಿಕೊಂಡವರ ಚಿತ್ರ ಮತ್ತು ಧ್ವನಿಯಿಂದ ಅವರು ಮಾತನಾಡುವಂತೆ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ಸೇವೆಗಳು ಚಿಂಗ್‌ಮಿಂಗ್ ಹತ್ತಿರ ಬಂದಾಗ ಜಾಹೀರಾತು ಕೊಡುತ್ತವೆ. ಕೃತಕ ಬುದ್ಧಿಮತ್ತೆಯ ಸೆನ್ಸ್‌ಟೈಮ್ ಸಂಸ್ಥೆಯ ಸ್ಥಾಪಕ ಟಾಂಗ್ ಶಿಯಾವ್‌ಔ 2023ರ ಡಿಸೆಂಬರ್‌ನಲ್ಲಿ ನಿಧನರಾದರು. ಕೆಲವೇ ತಿಂಗಳಲ್ಲಿ, 2024ರ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಅವರ ಗಣಕಚಿತ್ರ ಪರದೆಯ ಮೇಲೆ ಬಂದು ನೌಕರರೊಂದಿಗೆ ಮಾತನಾಡಿತು. ಮೃತರ ಹೆಸರು, ಭಾವಚಿತ್ರ, ಗೌರವಗಳಿಗೆ ಧಕ್ಕೆಯಾದರೆ ಪತಿ ಅಥವಾ ಪತ್ನಿ, ಮಕ್ಕಳು, ತಂದೆ ತಾಯಿ ಪ್ರಶ್ನಿಸಬಹುದೆಂದು ಚೀನಾದ ನಾಗರಿಕ ಸಂಹಿತೆಯ 994ನೆಯ ವಿಧಿ ಹೇಳುತ್ತದೆ. ಆದರೆ ಮನೆಯವರೇ ಮಾಡಿಸಲು ಹೊರಟರೆ? ನನ್ನ ಮೈದುನ ಹೀಗೊಂದು ಮಾಡಿಸೋಣವೇ ಎಂದು ಅತ್ತೆಯವರನ್ನು ಕೇಳಿದ್ದ. ಅವರು ಕೋಪಿಸಿಕೊಳ್ಳಲಿಲ್ಲ. "ಅವರು ಬದುಕಿದ್ದಾಗ ಹೇಳದೆ ಉಳಿಸಿದ ಮಾತನ್ನು ಯಾರೋ ಊಹಿಸಿ ಹೇಳುವುದು ಬೇಡ" ಎಂದಷ್ಟೇ ಹೇಳಿದರು. ನನ್ನ ಮಟ್ಟಿಗೆ ಗೆರೆ ಇರುವುದು ಅಲ್ಲಿಯೇ. ದೂರದಲ್ಲಿರುವವರನ್ನು ಆ ಕಲ್ಲಿನ ಬಳಿಗೆ ಕರೆತರುವ ಉಪಕರಣ ಇರಲಿ, ಕಲ್ಲಿನ ಕೆಳಗಿರುವವರ ಬಾಯಲ್ಲಿ ಮಾತು ತುರುಕುವ ಉಪಕರಣ ಬೇಡ.

ಮರುಪ್ರತಿಕ್ರಿಯೆ: ದೂರತೀರ

ಮೂವರಿಗೂ ಮನಃಪೂರ್ವಕ ವಂದನೆಗಳು. ರೈಲುಹಳಿ ಅವರೇ, ಹೌದು, ಮೂರು ಗಂಟೆಗಳ ಪ್ರಯಾಣವೇ, ಅದರಿಂದ ಬಂದ ಭಾಗ್ಯವನ್ನು ನಾನು ಪ್ರಶ್ನೆಯಲ್ಲಿ ಗಮನಿಸಿರಲಿಲ್ಲ. ಅಕ್ಷರಪ್ರಿಯ ಅವರೇ, ದಿಂಬಿನ ಅರ್ಥವನ್ನು ನೀವು ಬಿಡಿಸಿ ಹೇಳಿದ ಮೇಲೆ ಆ ರಾತ್ರಿ ನಾನು ನೋಡಿದ್ದೇ ಬೇರೆಯಾಗಿ ಕಾಣುತ್ತಿದೆ.

ನಿಮ್ಮ ಉತ್ತರಗಳನ್ನು ಓದಿ ನಿನ್ನೆ ಸಹೋದ್ಯೋಗಿಯನ್ನು ಒಂದು ಮಾತು ಕೇಳಿದೆ. ಚೆಂಗ್ಡುವಿನ ನರ್ಸ್ ಮೊಮ್ಮಗಳ ಲಕೋಟೆ ಏನಾಯಿತು ಎಂದು. ಆ ರಾತ್ರಿ ದೊಡ್ಡಪ್ಪನೇ ಅಜ್ಜಿಯ ಹೆಸರಿನಲ್ಲಿ ಅವಳಿಗೆ ವೀಚಾಟ್‌ನಲ್ಲಿ 200 ಯುವಾನ್ ಹೊಂಗ್‌ಬಾವ್ ಕಳುಹಿಸಿದರಂತೆ. ಅವಳು ಅಜ್ಜಿಗೆ ಕರೆ ಮಾಡಿ, ಬಂತು ಎಂದು ಹೇಳಿದಳಂತೆ. ಅಜ್ಜಿ, ಅದು ನಿನ್ನ ದೊಡ್ಡಪ್ಪ ಕೊಟ್ಟದ್ದು, ನನ್ನದು ಇಲ್ಲೇ ಇದೆ ಎಂದರಂತೆ. ಹಬ್ಬ ಮುಗಿದು ತಿಂಗಳುಗಳಾದವು. ಪೆನ್ಸಿಲ್ಲಿನಿಂದ ಅವಳ ಹೆಸರು ಬರೆದ ಲಕೋಟೆ, ಮೇಲಿನ ಕೋಣೆಯಲ್ಲಿ ಅವಳು ಬಂದಾಗ ಮಲಗುವ ಹಾಸಿಗೆಯ ದಿಂಬಿನ ಕೆಳಗೆ ಇನ್ನೂ ಇದೆ. ಹೊದಿಕೆಗಳನ್ನು ಒಗೆಯುವ ದಿನ ಅಜ್ಜಿ ಅದನ್ನು ಎತ್ತಿ ತಗಡಿನ ಡಬ್ಬಿಯಲ್ಲಿಡುತ್ತಾರೆ, ಹಾಸಿಗೆ ಹಾಸಿದ ಮೇಲೆ ಮತ್ತೆ ಅಲ್ಲಿಯೇ ಇಡುತ್ತಾರೆ.